ದ್ರಾಕ್ಷಾಸಕ್ಕರೆ: ನಮ್ಮ ಮೈಯ ಉರುವಲು

ಸಿಹಿಯಿಲ್ಲದ ಹಬ್ಬ ನಮ್ಮವರಿಗೆ ಹಬ್ಬವೇ ಅಲ್ಲ. ಪುಣೆಯ ವಿಮಾನ ನಗರದ ಕನ್ನಡ ಮನೆಗಳಿಗೆ ಊರಿನಿಂದ ಧಾರವಾಡದ ಫೇಡೆ, ಬೆಳಗಾವಿಯ ಕುಂದಾ ಬರುತ್ತವೆ. ಇಲ್ಲಿಯ ಶ್ರೀಖಂಡವೂ ‘ಅಮೃತತುಲ್ಯ’ದ ಚಹವೂ ಅವಕ್ಕೆ ಜೊತೆಯಾಗುತ್ತವೆ. ಆದರೆ ನಾಲಗೆ ಬಲ್ಲ ಸಕ್ಕರೆ ಬೇರೆ, ರಕ್ತದಲ್ಲಿ ಹರಿಯುವ ಸಕ್ಕರೆ ಬೇರೆ. ಈ ಎರಡನೆಯದರ ಪರಿಚಯ ಪ್ರತಿಯೊಂದು ಸಂಸಾರಕ್ಕೂ ಅವಶ್ಯ.

ಇದೇ ಗ್ಲೂಕೋಸು. 1747ರಲ್ಲಿ ಜರ್ಮನಿಯ ಮಾರ್ಗ್ರಾಫ್ ಎಂಬ ರಸಾಯನಶಾಸ್ತ್ರಜ್ಞನು ಒಣದ್ರಾಕ್ಷಿಯಿಂದ ಇದನ್ನು ಬೇರ್ಪಡಿಸಿದನು. ಆದುದರಿಂದಲೇ ದ್ರಾಕ್ಷಾಸಕ್ಕರೆಯೆಂಬ ಹೆಸರೂ ಉಂಟು. ಇದರ ಅಣುವಿನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ. ನೀರಿನಲ್ಲಿ ಸುಲಭವಾಗಿ ಕರಗುವುದು. ಸಿಹಿ ಮಾತ್ರ ಕಬ್ಬಿನ ಸಕ್ಕರೆಗಿಂತ ಕಡಿಮೆ. ಕಬ್ಬಿನ ಸಕ್ಕರೆಯಾದರೋ ಗ್ಲೂಕೋಸು, ಫ್ರಕ್ಟೋಸುಗಳ ಜೋಡಿ. ಅಕ್ಕಿ, ಜೋಳ, ರಾಗಿಗಳ ಪಿಷ್ಟವು ಗ್ಲೂಕೋಸಿನದೇ ಉದ್ದನೆಯ ಸರಪಣಿ. ರೊಟ್ಟಿಯನ್ನು ಚೆನ್ನಾಗಿ ಅಗಿದಾಗ ಸಿಹಿಯೆನಿಸುವುದು, ಆ ಸರಪಣಿ ಜೊಲ್ಲಿನಲ್ಲಿ ತುಂಡಾಗತೊಡಗುವುದರಿಂದ. ಸಕ್ಕರೆ ಬಿಟ್ಟೆವೆಂದು ತಟ್ಟೆ ತುಂಬ ಅನ್ನ ಉಂಡರೆ ಫಲವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆರೋಗ್ಯವಂತನ ಇಡೀ ರಕ್ತದಲ್ಲಿರುವ ಗ್ಲೂಕೋಸು ಒಂದು ಚಹದ ಚಮಚೆಯಷ್ಟು, ಸುಮಾರು 5 ಗ್ರಾಂ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಉರಿಸುತ್ತದೆ! ಈ ಆಯವ್ಯಯವನ್ನು ಸರಿದೂಗಿಸುವುದು ಯಕೃತ್ತು. ಉಂಡಾಗ ಮಿಕ್ಕಿದುದನ್ನು ಅದು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಉಪವಾಸದ ವೇಳೆಗೆ ಬಿಚ್ಚಿಕೊಡುತ್ತದೆ. ಮೇದೋಜೀರಕದ ಇನ್ಸುಲಿನ್ ರಸವು ಸ್ನಾಯುಗಳಿಗೂ ಕೊಬ್ಬಿಗೂ ಗ್ಲೂಕೋಸು ಸೇರಲು ಬಾಗಿಲು ತೆರೆಯುತ್ತದೆ. ಈ ರಸ ಸಾಲದಾದರೆ, ಅಥವಾ ಅದರ ಮಾತು ನಡೆಯದಾದರೆ, ಸಕ್ಕರೆ ರಕ್ತದಲ್ಲಿಯೇ ನಿಲ್ಲುತ್ತದೆ. ಅದೇ ಮಧುಮೇಹ. ಕಣ್ಣು, ಮೂತ್ರಪಿಂಡ, ನರ, ಹೃದಯ ಎಲ್ಲಕ್ಕೂ ಅದರಿಂದ ಕೇಡು.

ಈ ವಿಷಯದಲ್ಲಿ ನಮ್ಮ ಪುಣೆ ಜಗತ್ತಿಗೇ ಒಂದು ಪಾಠ ಹೇಳಿದೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಂಗಡಿಗರೂ 1993ರಿಂದ ಪುಣೆಯ ಸುತ್ತಣ ಆರು ಹಳ್ಳಿಗಳ ತಾಯಂದಿರನ್ನೂ ಶಿಶುಗಳನ್ನೂ ಪರೀಕ್ಷಿಸಿದರು. ಅಲ್ಲಿನ ಶಿಶುವಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನದು 3.5 ಕಿಲೋ. ನಮ್ಮ ಶಿಶುವಿನಲ್ಲಿ ಸ್ನಾಯು ಕಡಿಮೆ, ಆದರೆ ಕೊಬ್ಬು ಅಷ್ಟಾಗಿ ಕುಗ್ಗಿಲ್ಲ. ನೋಡಲು ತೆಳ್ಳಗಿದ್ದವರಿಗೂ ಮಧುಮೇಹ ಬರುವುದರ ಒಂದು ಸುಳಿವು ಇಲ್ಲಿದೆ. ಬಸುರಿಯ ಊಟವು ಹುಟ್ಟಲಿರುವ ಮಗುವಿನ ನಾಳಿನ ಆರೋಗ್ಯವೂ ಹೌದೆಂಬುದನ್ನು ಅತ್ತೆಯರೂ ಗಂಡಂದಿರೂ ನೆನಪಿಡತಕ್ಕದ್ದು.

ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂಡುವ ನಮ್ಮ ಮಕ್ಕಳಿಗೆ ಊಟದ ನಂತರದ ನಡಿಗೆ ಬಲು ಹಿತ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲುದು. ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಮಾಧಾನ. 126 ಮುಟ್ಟಿದರೆ ಮತ್ತೆ ಪರೀಕ್ಷಿಸಿ ವೈದ್ಯರನ್ನು ಕಾಣಬೇಕು.

ಇನ್ನೊಂದು ಎಚ್ಚರಿಕೆ. ಔಷಧ ತೆಗೆದುಕೊಳ್ಳುವ ಹಿರಿಯರು ಹೊತ್ತಿಗೆ ಉಣ್ಣದೆ ಬೆವರಿ, ನಡುಗಿ, ತಡವರಿಸಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಕೂಡಲೆ 15 ಗ್ರಾಂ ಗ್ಲೂಕೋಸು, ಎಂದರೆ ಸುಮಾರು ಮೂರು ಚಮಚೆ, ನೀರಿನಲ್ಲಿ ಕದಡಿ ಕೊಡಬೇಕು. 15 ನಿಮಿಷದ ಮೇಲೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಆಸ್ಪತ್ರೆಗೆ ಒಯ್ಯಬೇಕು.

ಹಬ್ಬದ ಹೋಳಿಗೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಒಂದು ಉಣ್ಣಿರಿ, ಎರಡು ಸುತ್ತು ನಡೆಯಿರಿ.