ನರ್ಸಮ್ಮನಿಗೆ ವೀಸಾ ಬಂತು. ಮಗುವನ್ನು ನೋಡಿಕೊಳ್ಳುವವರು ಯಾರು?

ಮಂಗಳೂರು: ಕಂಕನಾಡಿಯಲ್ಲಿ ಬಸ್ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು. ಲೈಟ್ ಕಂಬ, ಕಾಂಪೌಂಡ್ ಗೋಡೆ, ಜೆರಾಕ್ಸ್ ಅಂಗಡಿಯ ಶಟರ್, ಎಲ್ಲ ಕಡೆ ಒಂದೇ ಜಾತಿಯ ಚೀಟಿ. "ದಾದಿಯರು ಬೇಕಾಗಿದ್ದಾರೆ. ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ. ಫ್ಯಾಮಿಲಿ ವೀಸಾ ಉಂಟು."

ಜನ ನಿಂತು ಓದುವುದು ಕೊನೆಯ ಆ ಮಾತನ್ನು. ನಮ್ಮ ಕರಾವಳಿಯಿಂದ ದಾದಿಯರು ಹೊರದೇಶಕ್ಕೆ ಹೋಗುವುದು ಹೊಸ ಸುದ್ದಿಯಲ್ಲ. ಹಿಂದೆ ಗಲ್ಫಿಗೆ ಹೋದವರು ಒಬ್ಬರೇ ಹೋದರು. ಮಗು ಅಜ್ಜಿಯ ಮನೆಯಲ್ಲಿ ಬೆಳೆಯಿತು, ತಾಯಿ ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ಹೊತ್ತು ಬಂದು ಹೋದಳು. ಈಗಿನವರಿಗೆ ಅದು ಬೇಡ. "ಹೋದರೆ ಎಲ್ಲರೂ ಹೋಗುವ" ಎನ್ನುತ್ತಾರೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ಚೀಟಿಯಲ್ಲಿ ಬರೆಯದೆ ಬಿಟ್ಟದ್ದು ಬಹಳ ಉಂಟು. ಇಂಗ್ಲೆಂಡಿನ ಲೆಕ್ಕವನ್ನೇ ಹಿಡಿದು ನೋಡುವ. ಹೆಚ್ಚಿನವರು ಕೇಳುವುದು ಅದನ್ನೇ.

ಪರೀಕ್ಷೆ ಎರಡು, ಎರಡನೆಯದು ಅಲ್ಲಿ

ಬಿ.ಎಸ್ಸಿ. ನರ್ಸಿಂಗ್ ಇರಲಿ, ಜಿ.ಎನ್.ಎಂ. ಇರಲಿ, ಮೊದಲ ಗೋಡೆ ಇಂಗ್ಲಿಷ್. ಐಇಎಲ್‌ಟಿಎಸ್ ಬರೆದರೆ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬರಬೇಕು. ಇಲ್ಲವಾದರೆ ಆಸ್ಪತ್ರೆ ಭಾಷೆಯ ಒಇಟಿ ಪರೀಕ್ಷೆ ಬರೆಯಬಹುದು. ಆಮೇಲೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ನಡೆಸುವ ಕಂಪ್ಯೂಟರ್ ಪರೀಕ್ಷೆ. ಇದನ್ನು ಭಾರತದಲ್ಲೇ ಬರೆಯಲಿಕ್ಕಾಗುತ್ತದೆ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನ ದಾಖಲೆ, ಕೆಲಸ ಮಾಡಿದ ಆಸ್ಪತ್ರೆಯ ಪತ್ರ, ಇವಕ್ಕೆಲ್ಲ ಬೆಂಗಳೂರಿಗೆ ಎಷ್ಟು ಸಲ ರಾತ್ರಿ ಬಸ್ ಹತ್ತಬೇಕು ಎಂಬುದು ಹೋದವರಿಗೇ ಗೊತ್ತು.

ಇಷ್ಟಾದರೂ ಆಕೆ ಅಲ್ಲಿ ನರ್ಸ್ ಅಲ್ಲ! ವಿಮಾನ ಇಳಿದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಉಂಟು. ಹತ್ತು ಮೇಜು, ಹತ್ತು ಕೆಲಸ. ರೋಗಿಯನ್ನು ಮಾತಾಡಿಸುವುದರಿಂದ ಹಿಡಿದು ಔಷಧಿ ಕೊಡುವ ತನಕ ಪರೀಕ್ಷಕರು ಎದುರು ನಿಂತು ನೋಡುತ್ತಾರೆ. ಹತ್ತು ವರ್ಷ ವಾರ್ಡಿನಲ್ಲಿ ದುಡಿದವರೂ ಇಲ್ಲಿ ಒಂದೆರಡು ಮೇಜಿನಲ್ಲಿ ಎಡವುವುದುಂಟು. ಒಂದು ಅರ್ಜಿಗೆ ಮೂರು ಅವಕಾಶ. ಪಾಸಾಗಿ ಹೆಸರು ದಾಖಲಾಗುವ ತನಕ ಸಂಬಳವೂ ಕೆಳಗಿನ ದರ್ಜೆಯದ್ದು. ವೀಸಾದ ನಿಯಮವೂ ಬೆನ್ನ ಹಿಂದೆಯೇ ನಿಂತಿರುತ್ತದೆ: ಕೆಲಸ ಶುರುವಾದ ಎಂಟು ತಿಂಗಳೊಳಗೆ ನರ್ಸ್ ಎಂದು ನೋಂದಣಿ ಆಗಬೇಕು.

ಗಂಡ, ಮಕ್ಕಳು ಮೊದಲ ದಿನವೇ ಜೊತೆಗೆ ಹೋದರೆ ಆಗುವುದೇನು? ತಾಯಿ ರಾತ್ರಿ ಪಾಠ ಓದಬೇಕು, ಮಗುವಿಗೆ ಹೊಸ ಊರಿನ ಚಳಿ, ಗಂಡನಿಗೆ ಇನ್ನೂ ಕೆಲಸವಿಲ್ಲ, ಸಂಬಳ ಪೂರ್ತಿ ಇಲ್ಲ. ಪರೀಕ್ಷೆ ಕೈಕೊಟ್ಟರೆ ವಾಪಸು ಬರುವುದು ಒಬ್ಬರಲ್ಲ, ನಾಲ್ವರು. ಇಲ್ಲಿಯ ಮನೆಯ ಬಾಡಿಗೆ ಬಿಟ್ಟು, ಫ್ರಿಜ್ಜು ಮಾರಿ, ಮಗುವಿನ ಶಾಲೆಯ ಟಿ.ಸಿ. ತೆಗೆದುಕೊಂಡು ಹೋದವರು ಬಂದು ನಿಲ್ಲುವುದಾದರೂ ಎಲ್ಲಿ?

ತಲೆಗೆ ಇಷ್ಟು

ಕೆಲಸ ಒಬ್ಬರಿಗೆ, ಖರ್ಚು ಎಲ್ಲರಿಗೆ. ನರ್ಸಿನ ವಿಮಾನದ ಟಿಕೆಟು, ಪರೀಕ್ಷೆಯ ಶುಲ್ಕವನ್ನು ಆಸ್ಪತ್ರೆ ಕೊಡುವುದುಂಟು. ಗಂಡ, ಮಕ್ಕಳದ್ದು ಸಾಮಾನ್ಯವಾಗಿ ನಮ್ಮ ಕಿಸೆಯದ್ದೇ. ಮೂರು ವರ್ಷದೊಳಗಿನ ವೀಸಾಕ್ಕೆ 2025ರ ಏಪ್ರಿಲಿನಲ್ಲಿ ತಲೆಗೆ 304 ಪೌಂಡ್ ಆಯಿತು. ಮಗುವಿಗೂ ಅಷ್ಟೇ, ನಮ್ಮ ಬಸ್ಸಿನ ಹಾಗೆ ಅರ್ಧ ಟಿಕೆಟ್ ಇಲ್ಲ. ಕ್ಷಯರೋಗ ತಪಾಸಣೆಯ ಪ್ರಮಾಣಪತ್ರವೂ ಬೇಕು.

ಬ್ಯಾಂಕಿನಲ್ಲಿ 28 ದಿನ ಕದಲದೆ ಹಣ ಇಟ್ಟು ತೋರಿಸಬೇಕು. ನರ್ಸಿಗೆ 1,270 ಪೌಂಡ್, ಗಂಡನಿಗೆ 285, ಮೊದಲ ಮಗುವಿಗೆ 315, ಎರಡನೆಯದಕ್ಕೆ 200. ಒಟ್ಟು 2,070. ಮೊದಲ ತಿಂಗಳ ಜವಾಬ್ದಾರಿ ತಮ್ಮದೆಂದು ಆಸ್ಪತ್ರೆಯವರೇ ಬರೆದುಕೊಟ್ಟರೆ ಇದು ಬೇಡ. ಆದ ಕಾರಣ ಆ ಪತ್ರ ಕೊಡುತ್ತಾರೋ ಎಂದು ಮೊದಲೇ ಕೇಳುವುದು ಜಾಣತನ. ಒಂದು ಸಮಾಧಾನವೂ ಉಂಟು. ಬೇರೆ ಕೆಲಸಕ್ಕೆ ಹೋಗುವವರು ವರ್ಷಕ್ಕೆ ದೊಡ್ಡವರ ತಲೆಗೆ 1,035 ಪೌಂಡಿನಂತೆ ಕಟ್ಟುವ ಆರೋಗ್ಯ ಸುಂಕ, ನರ್ಸ್ ಮತ್ತು ಆಕೆಯ ಕುಟುಂಬಕ್ಕೆ ಮಾಫಿ.

ಗಂಡ ಗಲ್ಫಿನಲ್ಲಿದ್ದರೆ?

ಇದು ನಮ್ಮ ಜಿಲ್ಲೆಯ ಪ್ರಶ್ನೆ. ಬೆಳ್ತಂಗಡಿ ಕಡೆಯ ಒಬ್ಬ ಸಿಸ್ಟರ್ ಮಾತಿಗೆ ಸಿಕ್ಕಿದರು. ಖಾಸಗಿ ಆಸ್ಪತ್ರೆಯಲ್ಲಿ ಕೆಲಸ, ಗಂಡ ದುಬೈಯಲ್ಲಿ, ಮಗುವಿಗೆ ಮೂರು ವರ್ಷ. "ಅವರು ಅಲ್ಲೇ ಇರಲಿ, ನಾನು ಮಗುವನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗ್ತೇನೆ, ಎರಡು ಸಂಬಳ ಆಗ್ತದಲ್ಲ" ಎಂಬುದು ಅವರ ಲೆಕ್ಕವಾಗಿತ್ತು.

ಈ ಲೆಕ್ಕ ಅಲ್ಲಿಯ ನಿಯಮಕ್ಕೆ ಕೂಡಿ ಬರುವುದಿಲ್ಲ. ಮಗುವಿಗೆ ವೀಸಾ ಬೇಕಾದರೆ ತಂದೆ, ತಾಯಿ ಇಬ್ಬರೂ ಅಲ್ಲಿರಬೇಕು ಅಥವಾ ಇಬ್ಬರೂ ಹೋಗುತ್ತಿರಬೇಕು. ಒಬ್ಬರು ತೀರಿಹೋಗಿದ್ದರೆ, ಮಗುವಿನ ಪೂರ್ತಿ ಜವಾಬ್ದಾರಿ ಒಬ್ಬರದ್ದೇ ಎಂದು ದಾಖಲೆ ಇದ್ದರೆ, ಅಥವಾ ಬಹಳ ಬಲವಾದ ಕಾರಣ ತೋರಿಸಿದರೆ ಮಾತ್ರ ವಿನಾಯಿತಿ. ಅಂದರೆ ಗಂಡ ದುಬೈಯ ಕೆಲಸ ಬಿಡಬೇಕು, ಇಲ್ಲವೇ ಮಗು ಊರಿನಲ್ಲಿ ಉಳಿಯಬೇಕು. ಕೋಚಿಂಗ್ ಸೆಂಟರಿಗೆ ಹಣ ಕಟ್ಟುವ ಮೊದಲೇ ಇದನ್ನು ಗಂಡ ಹೆಂಡತಿ ಫೋನಿನಲ್ಲಾದರೂ ಮಾತಾಡಿಕೊಳ್ಳಬೇಕಲ್ಲವೇ?

ಹಾಗಾದರೆ ದುಬೈಗೇ ಹೋಗುವ ಎಂದರೆ, ಅಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರ್ಹಂ ಸಂಬಳ, ಅಥವಾ 3,000 ಮತ್ತು ವಸತಿ ಇರಬೇಕು.

ಬಾಲವಾಡಿ ಆರಕ್ಕೆ ಬಂದ್, ಡ್ಯೂಟಿ ಎಂಟಕ್ಕೆ

ಇನ್ನು ನಿಜವಾದ ಕಷ್ಟಕ್ಕೆ ಬರುವ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಮೂವತ್ತೇಳೂವರೆ ಗಂಟೆ ಕೆಲಸ. ಕೇಳಲಿಕ್ಕೆ ಸುಖ. ಆದರೆ ಬಹಳ ವಾರ್ಡುಗಳಲ್ಲಿ ಅದನ್ನು ಹನ್ನೆರಡು ಗಂಟೆಯ ಉದ್ದ ಪಾಳಿಗಳಾಗಿ ಹಂಚುತ್ತಾರೆ. ಬೆಳಿಗ್ಗೆ ಏಳೂವರೆಗೆ ಹೋದವಳು ಬಿಡುವುದು ರಾತ್ರಿ ಎಂಟರ ಸುಮಾರಿಗೆ. ನೈಟ್ ಡ್ಯೂಟಿ, ಭಾನುವಾರದ ಡ್ಯೂಟಿ ಬೇರೆ. ಮಕ್ಕಳನ್ನು ಬಿಡುವ ನರ್ಸರಿಗಳು ಸಾಮಾನ್ಯವಾಗಿ ಸಂಜೆ ಆರಕ್ಕೆ ಮುಚ್ಚುತ್ತವೆ. ನಡುವಿನ ಎರಡು ಗಂಟೆ ಮಗು ಎಲ್ಲಿ?

ನಮ್ಮಲ್ಲಾದರೆ ಪಕ್ಕದ ಮನೆಯ ಅಕ್ಕ ಇದ್ದಾರೆ, ಅತ್ತೆ ಇದ್ದಾರೆ, ಯಾರೂ ಇಲ್ಲದಿದ್ದರೆ ಅಂಗಡಿಯ ಮಾಮನಾದರೂ "ಇಲ್ಲಿ ಕೂತ್ಕೊ ಪುಟ್ಟ" ಎಂದು ಒಂದು ಚಾಕಲೇಟ್ ಕೊಟ್ಟು ಕೂರಿಸುತ್ತಾರೆ. ಅಲ್ಲಿ ಸಣ್ಣ ಮಗುವನ್ನು ಅಪಾಯವಾಗುವಂತೆ ಒಂಟಿಯಾಗಿ ಬಿಟ್ಟರೆ ಕೇಸು ಆಗುತ್ತದೆ.

ಮಗುವಿನ ಖರ್ಚಿನಲ್ಲೂ ಒಂದು ಒಳಸುಳಿ ಉಂಟು. 2025ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ ದುಡಿಯುವ ತಂದೆ ತಾಯಿಯ ಒಂಬತ್ತು ತಿಂಗಳ ಮಗುವಿನಿಂದಲೇ ವಾರಕ್ಕೆ 30 ಗಂಟೆ ನರ್ಸರಿ ಸರ್ಕಾರದ ಖರ್ಚಿನಲ್ಲಿ ಆಯಿತು. ಏಜೆಂಟರು ಇದನ್ನು ದೊಡ್ಡ ಬಾಯಲ್ಲಿ ಹೇಳುತ್ತಾರೆ. ಆದರೆ ವೀಸಾದ ಮೇಲೆ "ಸರ್ಕಾರಿ ಸಹಾಯಧನಕ್ಕೆ ಹಕ್ಕಿಲ್ಲ" ಎಂಬ ಷರತ್ತು ಇರುತ್ತದೆ. ತಂದೆ ತಾಯಿ ಇಬ್ಬರಿಗೂ ಆ ಷರತ್ತು ಇದ್ದರೆ ಈ 30 ಗಂಟೆ ಸಿಗುವುದಿಲ್ಲ. ಮಕ್ಕಳ ಭತ್ಯೆಯೂ ಇಲ್ಲ. ಮೂರು ತುಂಬಿದ ಮೇಲೆ ಎಲ್ಲ ಮಕ್ಕಳಿಗೂ ಸಿಗುವ ವಾರಕ್ಕೆ 15 ಗಂಟೆ, ವರ್ಷಕ್ಕೆ 38 ವಾರ, ಅಷ್ಟು ಸಿಗುತ್ತದೆ. ಅದಕ್ಕಿಂತ ಸಣ್ಣ ಮಗುವಾದರೆ, ಆದಾಯ ತೀರಾ ಕಡಿಮೆ ಇದ್ದರಷ್ಟೇ ಸಹಾಯ. ಉಳಿದದ್ದು ಕೈಯಿಂದ. ಇಡೀ ದಿನ ಬಿಟ್ಟರೆ ಒಂದು ಮಗುವಿಗೆ ತಿಂಗಳಿಗೆ ಸಾವಿರ ಪೌಂಡ್ ದಾಟುವ ಊರುಗಳು ಬಹಳ.

ಈಗ ಸಂಬಳದ ಮಾತು. ಹೊಸ ನರ್ಸಿನ ಆರಂಭದ ವೇತನ 2025-26ರಲ್ಲಿ ವರ್ಷಕ್ಕೆ 31,049 ಪೌಂಡ್. ತೆರಿಗೆ, ವಿಮೆ, ಪಿಂಚಣಿ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು ಎರಡು ಸಾವಿರ. ಊರಿನಲ್ಲಿ ಕೂತು ರೂಪಾಯಿಗೆ ಗುಣಿಸಿದರೆ ಲಕ್ಷಗಟ್ಟಲೆ! ಅಲ್ಲಿ ಕೂತು ಬಾಡಿಗೆ, ಕರೆಂಟು, ನರ್ಸರಿ ಕಳೆದರೆ ಒಂದೇ ಸಂಬಳದಲ್ಲಿ ಊರಿಗೆ ಕಳಿಸಲು ಉಳಿಯುವುದು ಬೆರಳೆಣಿಕೆ. ಮನೆ ಹಿಡಿಯುವಾಗಲೇ ಐದು ವಾರದ ಬಾಡಿಗೆಯ ತನಕ ಡೆಪಾಸಿಟ್ ಕೇಳಬಹುದು.

ಅಜ್ಜಿಯನ್ನು ಕರೆಸುವ ಎಂದರೆ, ತಂದೆ ತಾಯಿಗೆ ಈ ವೀಸಾದಲ್ಲಿ ಜಾಗವಿಲ್ಲ. ಅವರು ನೋಡಲು ಬರಬಹುದು, ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಮಗು ನೋಡಿಕೊಳ್ಳಲೆಂದೇ ಹೋಗುವ ಹಾಗಿಲ್ಲ.

ಹಾಗಾಗಿ ಬಹಳ ಮನೆಗಳಲ್ಲಿ ಮಗುವನ್ನು ನೋಡುವುದು ಅಪ್ಪ. ಆತ ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು. ನಮ್ಮ ಡ್ರೈವಿಂಗ್ ಲೈಸೆನ್ಸೂ ಹನ್ನೆರಡು ತಿಂಗಳು ನಡೆಯುತ್ತದೆ. ಆದರೆ ಹೆಂಡತಿಯ ಪಾಳಿ ನೋಡಿಕೊಂಡು ಕೆಲಸ ಹಿಡಿಯಬೇಕು. ಇಲ್ಲಿ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಇದ್ದವರು ಅಲ್ಲಿ ಗೋದಾಮಿನಲ್ಲಿ ರಾತ್ರಿ ಪೆಟ್ಟಿಗೆ ಎತ್ತಬೇಕಾದೀತು. ಹಗಲು ಅನ್ನ ಬೇಯಿಸಿ ಮಗುವಿಗೆ ಉಣಿಸಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಗಂಡಸು ಇದಕ್ಕೆ ಮನಸ್ಸು ಮಾಡಿದ್ದಾನೆಯೇ ಎಂದು ವಿಮಾನ ಹತ್ತುವ ಮೊದಲು ಕೇಳಬೇಕು. ಆಮೇಲೆ ಕೇಳಿದರೆ ಜಗಳ.

ಹೋದವರಿಗೆ ಸುಖವೇ ಇಲ್ಲವೆಂದಲ್ಲ. ಸರ್ಕಾರಿ ಶಾಲೆ ಬಿಟ್ಟಿ. ಮೊದಲ ಮೂರು ತರಗತಿಯ ಮಕ್ಕಳಿಗೆಲ್ಲ ಮಧ್ಯಾಹ್ನದ ಊಟವೂ ಶಾಲೆಯಲ್ಲೇ. ಮಗು ಶಾಲೆಗೆ ಸೇರಿದ ಮೇಲೆ ಅರ್ಧ ಭಾರ ಇಳಿಯುತ್ತದೆ. ಕಷ್ಟ ಇರುವುದು ಅದಕ್ಕಿಂತ ಸಣ್ಣ ಮಗು ಇದ್ದವರಿಗೆ.

ಬೇರೆ ದೇಶದ್ದೂ ಸ್ವಲ್ಪ ಕೇಳಿ. ಐರ್ಲೆಂಡಿನಲ್ಲಿ ನರ್ಸಿಗೆ ಸಿಗುವ ವಿಶೇಷ ಪರ್ಮಿಟ್‌ನಲ್ಲಿ ಕುಟುಂಬ ಕೂಡಲೇ ಸೇರಬಹುದು, ಗಂಡನೂ ದುಡಿಯಬಹುದು. ಜರ್ಮನಿಯಲ್ಲಿ ಮಕ್ಕಳ ಭತ್ಯೆ ವಿದೇಶಿ ನರ್ಸಿಗೂ ಉಂಟು, 2025ರಲ್ಲಿ ಮಗುವಿಗೆ ತಿಂಗಳಿಗೆ 255 ಯೂರೋ. ಆದರೆ ಜರ್ಮನ್ ಭಾಷೆಯನ್ನು ಬಿ-2 ಮಟ್ಟದ ತನಕ ಕಲಿಯಬೇಕು. ಹಾಲು ಕುಡಿಯುವ ಮಗುವನ್ನು ಮಡಿಲಲ್ಲಿಟ್ಟು ಅದನ್ನು ಕಲಿಯುವುದು ಸಣ್ಣ ಕೆಲಸವಲ್ಲ.

ಚೀಟಿ ಅಂಟಿಸುವವರ ಆಟ

"ನರ್ಸ್ ಆಗಿ ಆಗದಿದ್ದರೆ ಕೇರರ್ ಆಗಿ ಕಳಿಸುವ, ಫ್ಯಾಮಿಲಿಯೂ ಹೋಗಬಹುದು" ಎನ್ನುವವರು ಇನ್ನೂ ಇದ್ದಾರೆ. ಇದು ಸುಳ್ಳು. ವೃದ್ಧರನ್ನು ನೋಡಿಕೊಳ್ಳುವ ಕೇರರ್ ಕೆಲಸಕ್ಕೆ ಹೋಗುವವರು 2024ರ ಮಾರ್ಚ್ 11ರಿಂದ ಕುಟುಂಬ ಕರೆದೊಯ್ಯುವಂತಿಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಆ ಕೆಲಸಕ್ಕೆ ಹೊಸಬರನ್ನು ಕರೆಸುವುದೇ ಬಂದ್ ಆಯಿತು. ಇಂಥವರ ಕೈಗೆ ಚಿನ್ನ ಅಡವಿಟ್ಟ ಹಣ ಕೊಡಬೇಡಿ.

ನರ್ಸಿನ ಕೆಲಸವೂ ಮೊದಲಿನಷ್ಟು ಧಾರಾಳವಿಲ್ಲ. ಅಲ್ಲಿನ ಕೌನ್ಸಿಲಿಗೆ ಹೊರದೇಶದಿಂದ ಸೇರಿದವರ ಸಂಖ್ಯೆ 2024-25ರಲ್ಲಿ ಹಿಂದಿನ ವರ್ಷಕ್ಕಿಂತ ನೂರಕ್ಕೆ ಮೂವತ್ತರಷ್ಟು ಇಳಿಯಿತು. ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಅಲ್ಲಿಯ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಅರ್ಜಿ ಹಾಕುವ ದಿನದ ನಿಯಮ ಯಾವುದು ಎಂದು ನೋಡಿಕೊಂಡೇ ಮುಂದೆ ಹೋಗಬೇಕು.

ಕಾನೂನು ಏನು ಹೇಳುತ್ತದೆ? 1983ರ ವಲಸೆ ಕಾಯ್ದೆಯ ಕೆಳಗಿನ ನಿಯಮದಂತೆ ಏಜೆಂಟ್ ನೋಂದಾಯಿತನಾಗಿರಬೇಕು. ಆತ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಳು ಲಕ್ಷ, ಹತ್ತು ಲಕ್ಷ ಎಂಬುದೆಲ್ಲ ಯಾವ ಲೆಕ್ಕ? ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ಉಂಟೋ ನೋಡಿ. ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸುಗಳಿಗೆ 2015ರಿಂದ ಅದರ ಮೂಲಕವೇ ಅನುಮತಿ ಕಡ್ಡಾಯ ಮಾಡಲಾಯಿತು.

ಹೊರಡುವ ಮುನ್ನ

ಈ ಅಂಕಣಕಾರನ ಅಭಿಪ್ರಾಯ ಇಷ್ಟು. ಸಣ್ಣ ಮಗು ಇದ್ದವರು ಮೊದಲ ದಿನವೇ ಎಲ್ಲರೂ ಹೊರಡುವುದು ಬೇಡ. ತಾಯಿ ಮೊದಲು ಹೋಗಲಿ, ಓಸ್ಕಿ ಪಾಸಾಗಲಿ, ನರ್ಸಿನ ಸಂಬಳ ಶುರುವಾಗಲಿ, ಮನೆ ಹಿಡಿಯಲಿ. ಆಮೇಲೆ ಅಪ್ಪ, ಮಗು ಒಟ್ಟಿಗೆ ಹೋಗಲಿ. ಕೆಲವು ತಿಂಗಳ ಅಗಲಿಕೆ ಕಷ್ಟವೇ. ಆ ತಿಂಗಳುಗಳಲ್ಲಿ ಮಗು ಅಮ್ಮನಿಗಾಗಿ ಅಳುತ್ತದೆ, ಅಮ್ಮ ಅಲ್ಲಿ ಬಾತ್‌ರೂಮಿನಲ್ಲಿ ಅಳುತ್ತಾಳೆ. ಆದರೆ ಅದಕ್ಕೆ ಒಂದು ಕೊನೆಯ ದಿನಾಂಕ ಉಂಟು. ಹಿಂದಿನವರ ಅಗಲಿಕೆಗೆ ಅದು ಇರಲಿಲ್ಲ.

ಕರಾರಿಗೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಪಾಳಿ ಎಷ್ಟು ಗಂಟೆಯದ್ದು? ನಡುವೆ ಕೆಲಸ ಬಿಟ್ಟರೆ ಎಷ್ಟು ಹಣ ವಾಪಸು ಕಟ್ಟಬೇಕು? ಸಣ್ಣ ಮಗು ಇದ್ದವರಿಗೆ ಪಾಳಿ ಹೊಂದಿಸಿ ಕೊಡುತ್ತೀರಾ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಬಂದ ಮೇಲೆ ಪಾಸ್‌ಪೋರ್ಟ್ ಕೊಡಿ.

ಬೆಳ್ತಂಗಡಿಯ ಸಿಸ್ಟರ್ ಸದ್ಯ ಅರ್ಜಿ ತಡೆಹಿಡಿದಿದ್ದಾರೆ. ಗಂಡ ರಜೆಯಲ್ಲಿ ಊರಿಗೆ ಬರಲಿ, ಎದುರು ಕೂತು ಮಾತಾಡುವ ಎಂದಿದ್ದಾರೆ.