ನಮ್ಮ ಹಾಡಿಗೂ ಹಕ್ಕುಂಟು, ಬಡವರಿಗೂ ವಕೀಲರುಂಟು

ಹೊಲದ ಬದುವಿಗೆ ಜಗಳ ಬಂದರೆ ಏನು ಮಾಡಬೇಕೆಂದು ನಮ್ಮ ಕಡೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಸ್ ಪುಸ್ತಕ ತೆಗೆಯುತ್ತಾರೆ, ಅಡಂಗಲ್ ತರಿಸುತ್ತಾರೆ, ಸರ್ವೇ ಮಾಡಿಸುತ್ತಾರೆ, ಕೊನೆಗೆ ವಕೀಲರ ಬಳಿ ಹೋಗುತ್ತಾರೆ. ಆದರೆ ನಾವು ಬರೆದ ಹಾಡನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಯೂಟ್ಯೂಬಿಗೆ ಹಾಕಿದರೆ? ನಾವು ಬಿಡಿಸಿದ ಚಿತ್ರವನ್ನು ಹೇಳದೆ ಕೇಳದೆ ಕ್ಯಾಲೆಂಡರಿಗೆ ಅಚ್ಚು ಹಾಕಿದರೆ? ಅಥವಾ ದೂರದ ಊರಿನ ವಕೀಲರಿಂದ "ನಮ್ಮ ಹಾಡನ್ನು ಬಳಸಿದ್ದೀರಿ, ಲಕ್ಷ ರೂಪಾಯಿ ಕೊಡಿ" ಎಂದು ನೋಟೀಸು ಬಂದರೆ? ಆಗ ಬಹಳ ಮಂದಿ ಸುಮ್ಮನಾಗುತ್ತಾರೆ, ಇಲ್ಲವೇ ಹೆದರಿ ಹಣ ಕಟ್ಟುತ್ತಾರೆ. "ಕೋರ್ಟು ಕಚೇರಿ ನಮ್ಮಂಥವರಿಗಲ್ಲ" ಎಂಬ ಮಾತು ನಮ್ಮ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ.

ಆ ಮಾತು ಪೂರ್ತಿ ನಿಜವಲ್ಲ. ರಾಯದುರ್ಗ, ಮಡಕಶಿರದಂಥ ಊರಿನಲ್ಲಿದ್ದುಕೊಂಡೇ ಕಾಸಿಲ್ಲದೆ ಅಥವಾ ಕಡಿಮೆ ಕಾಸಿನಲ್ಲಿ ಇದಕ್ಕೆ ನೆರವು ಪಡೆಯಬಹುದು. ಹೇಗೆಂದು ನೋಡೋಣ.

ಯಾವುದು ನಮ್ಮದು?

ಬರೆದವರಿಗೆ, ರಾಗ ಹಾಕಿದವರಿಗೆ, ಚಿತ್ರ ಬಿಡಿಸಿದವರಿಗೆ ತಮ್ಮ ಕೃತಿಯ ಮೇಲೆ ಇರುವ ಹಕ್ಕೇ ಕೃತಿಸ್ವಾಮ್ಯ. ಜನ ಇದನ್ನು ಕಾಪಿರೈಟ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಹಾಡನ್ನು ಬರೆದಿಟ್ಟ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ; ನೋಂದಣಿ ಕಡ್ಡಾಯವಲ್ಲ. ಬರೆದವರು ಬದುಕಿರುವಷ್ಟು ಕಾಲ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಅಂದರೆ ತಂದೆ ಬರೆದ ಹಾಡಿನ ಹಕ್ಕು ಮಕ್ಕಳಿಗೂ ಬರುತ್ತದೆ.

ಹಕ್ಕನ್ನು ಬೇರೆಯವರಿಗೆ ಬರೆದುಕೊಡುವುದಾದರೆ ಅದು ಕಾಗದದ ಮೇಲೆ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆಯ 19ನೇ ಕಲಂ ಹೇಳುತ್ತದೆ. ಹಕ್ಕನ್ನು ಮಾರಿದ ಮೇಲೂ "ಇದನ್ನು ಬರೆದವನು ನಾನು" ಎಂದು ಹೆಸರು ಕೇಳುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ. ಇದು 57ನೇ ಕಲಂ.

ಮದುವೆಯ ಫೋಟೋಗಳ ವಿಚಾರವನ್ನೂ ಇಲ್ಲೇ ಹೇಳಬೇಕು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಹೊರತು ಸ್ಟುಡಿಯೋದವರಲ್ಲ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆಯನ್ನೇ ನಂಬಿದ ಮನೆಗಳು ಬಹಳ. ಅವರು ಒಂದು ಮಾತು ನೆನಪಿಡಬೇಕು. ಬಟ್ಟೆಯ ವಿನ್ಯಾಸವನ್ನು ಡಿಸೈನ್ ಕಾಯ್ದೆಯಡಿ ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯ ಹೋಗಿಬಿಡುತ್ತದೆ. ಆದ್ದರಿಂದ ಹೊಸ ಡಿಸೈನನ್ನು ಮಾರುಕಟ್ಟೆಗೆ ಬಿಡುವ ಮೊದಲೇ ನೋಂದಾಯಿಸುವುದು ಒಳ್ಳೆಯದು.

ದೇವಾಲಯದಲ್ಲಿ ಹಾಡಿದರೆ ತಪ್ಪೇ?

ಗಾನವೃಂದದವರಿಗೆ ಈ ಅಳುಕು ಇದ್ದೇ ಇದೆ. ಧಾರ್ಮಿಕ ವಿಧಿಯಲ್ಲಿ ಹಾಡನ್ನು ಹಾಡುವುದು, ನುಡಿಸುವುದು ಉಲ್ಲಂಘನೆಯಲ್ಲ ಎಂದು 52ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮಗಳೂ ಇದರಲ್ಲಿ ಸೇರುತ್ತವೆ. ಹವ್ಯಾಸಿ ತಂಡದವರು ಟಿಕೆಟ್ ಇಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಾಟಕ ಆಡಿದರೂ ತಪ್ಪಲ್ಲ. ಕ್ರಿಸ್ಮಸ್ ನಾಟಕ ಆಡುವ ನಮ್ಮ ಯುವಕರು ನೆಮ್ಮದಿಯಾಗಿರಬಹುದು.

ಆದರೆ ಈ ರಿಯಾಯಿತಿ ಹಾಡುವುದಕ್ಕೆ, ಆಡುವುದಕ್ಕೆ ಮಾತ್ರ. ಇನ್ನೊಬ್ಬರ ಹಾಡುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸುವುದಕ್ಕೆ, ಧ್ವನಿಮುದ್ರಿಸಿ ಮಾರುವುದಕ್ಕೆ ಬರೆದವರ ಒಪ್ಪಿಗೆ ಬೇಕು. ನಮ್ಮ ಹಾಡನ್ನು ಕದ್ದರೆ ನಮಗೆ ಎಷ್ಟು ನೋವೋ ಇನ್ನೊಬ್ಬರಿಗೂ ಅಷ್ಟೇ ನೋವು.

ಕಾರಂತರ ಯಕ್ಷಗಾನದ ಮೊಕದ್ದಮೆ

ಇಂಥ ಮೊಕದ್ದಮೆಗಳು ದೊಡ್ಡ ನಗರದವರಿಗೇ ಮೀಸಲು ಎಂದುಕೊಳ್ಳಬೇಡಿ. ಕನ್ನಡ ನಾಡಿನಲ್ಲೇ ಒಂದು ಹೆಸರಾಂತ ಉದಾಹರಣೆ ಇದೆ. ಡಾ. ಶಿವರಾಮ ಕಾರಂತರು 1994ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ತಮ್ಮ ಆಪ್ತ ಸಹಾಯಕಿ ಬಿ. ಮಾಲಿನಿ ಮಲ್ಯ ಅವರಿಗೆ ಬಿಟ್ಟರು. ಕಾರಂತರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಅವರ ಯಕ್ಷಗಾನ ಬ್ಯಾಲೆಯನ್ನು ದೆಹಲಿಯಲ್ಲಿ ತಮ್ಮ ಒಪ್ಪಿಗೆ ಇಲ್ಲದೆ ಆಡಿಸಲಾಯಿತೆಂದು ಮಲ್ಯ ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮೇಲೆ ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ತೀರ್ಪು ಅವರ ಪರವಾಗಿ ಬಂತು. ಅದು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ, ಕಾಯ್ದೆಯ 52ನೇ ಕಲಂ ಕೊಟ್ಟಿರುವ ರಿಯಾಯಿತಿಗಳ ಒಳಗೆ, ಅಂದರೆ ವಿದ್ಯಾಸಂಸ್ಥೆಯ ಪ್ರದರ್ಶನ, ಟಿಕೆಟ್ ಇಲ್ಲದ ಪ್ರದರ್ಶನ ಮುಂತಾದುವನ್ನು ಸಂಸ್ಥೆ ಆಡಿಸಬಹುದೆಂದೂ ಹೇಳಿತು.

ಇದರಿಂದ ನಾವು ತಿಳಿಯಬೇಕಾದ್ದು ಎರಡು. ಒಂದು, ದೊಡ್ಡ ಸಂಸ್ಥೆಯ ಎದುರು ಒಬ್ಬ ವ್ಯಕ್ತಿ ನಿಂತು ಗೆಲ್ಲಬಹುದು. ಎರಡು, ಮೊಕದ್ದಮೆ ಶುರುವಾಗುವುದು ಜಿಲ್ಲಾ ನ್ಯಾಯಾಲಯದಲ್ಲಿ. ದಾವೆ ಹೂಡುವವರು ತಾವು ವಾಸವಿರುವ ಜಿಲ್ಲೆಯಲ್ಲೇ ಹೂಡಲು 62ನೇ ಕಲಂ ಅವಕಾಶ ಕೊಡುತ್ತದೆ. ಎದುರು ಪಕ್ಷದವರು ಇರುವ ಮುಂಬಯಿಗೋ ಹೈದರಾಬಾದಿಗೋ ಅಲೆಯಬೇಕಾಗಿಲ್ಲ. ಆದರೆ ಉಲ್ಲಂಘನೆ ತಿಳಿದ ಮೇಲೆ ತಡ ಮಾಡಬಾರದು. ದಾವೆಗೆ ಇರುವ ಅವಧಿ 3 ವರ್ಷ.

ಉಚಿತ ವಕೀಲರು ಎಲ್ಲಿ?

ಸಂವಿಧಾನದ 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು ಹೇಳುತ್ತದೆ. ಅದಕ್ಕಾಗಿ ಬಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ನಮ್ಮ ಕಡೆ ಕೋರ್ಟಿನ ಆವರಣದಲ್ಲಿ ತೆಲುಗಿನಲ್ಲಿ "ನ್ಯಾಯ ಸೇವಾಧಿಕಾರ ಸಂಸ್ಥ" ಎಂಬ ಫಲಕ ಕಂಡರೆ ಅದೇ ಇದು. ರಾಯದುರ್ಗದವರು ರಾಯದುರ್ಗದ ಕೋರ್ಟಿನಲ್ಲಿ, ಮಡಕಶಿರದವರು ಮಡಕಶಿರದ ಕೋರ್ಟಿನಲ್ಲಿ ಮಂಡಲ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬೇಕು. ಜಿಲ್ಲಾ ಪ್ರಾಧಿಕಾರ ಅನಂತಪುರದ ಜಿಲ್ಲಾ ಕೋರ್ಟಿನಲ್ಲಿದೆ. ಮಡಕಶಿರ 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಲ್ಲ ಎಂದು ಗಾಬರಿಯಾಗಬೇಡಿ. ಊರಿನ ಕೋರ್ಟಿನಲ್ಲಿ ಅರ್ಜಿ ಕೊಟ್ಟರೆ ಸಾಕು, ಮುಂದಿನ ದಾರಿ ಅವರೇ ತೋರಿಸುತ್ತಾರೆ.

ಈ ಕಾಯ್ದೆಯ 12ನೇ ಕಲಂ ಮೊದಲು ನೋಡುವುದು ಕೇಳುವವರು ಯಾರು ಎಂಬುದನ್ನು. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಬರ ಮತ್ತು ಪ್ರವಾಹಕ್ಕೆ ಸಿಕ್ಕವರು, ಇವರೆಲ್ಲರಿಗೂ ಆದಾಯ ಎಷ್ಟೇ ಇರಲಿ ನೆರವು ಸಿಗುತ್ತದೆ. ಉಳಿದವರಿಗೆ ರಾಜ್ಯ ಸರ್ಕಾರ ನಿಗದಿ ಮಾಡಿದ ಆದಾಯ ಮಿತಿ ಇದೆ. ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಬಿ.ಸಿ. 'ಸಿ' ಗುಂಪಿನಲ್ಲಿರುವುದರಿಂದ ಅವರು ಜಾತಿಯ ಆಧಾರದ ಮೇಲೆ ಕೇಳಲಾಗದು. ಆದಾಯದ ಆಧಾರದ ಮೇಲೆ ಕೇಳಬೇಕು. ಹೆಣ್ಣುಮಕ್ಕಳಿಗೆ ಆ ತೊಡಕೂ ಇಲ್ಲ. ಆದಾಯಕ್ಕೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮೊಕದ್ದಮೆಯಲ್ಲಿ ಮೇಲ್ನೋಟಕ್ಕೆ ಹುರುಳಿದೆಯೇ ಎಂದೂ ಪ್ರಾಧಿಕಾರ ನೋಡುತ್ತದೆ.

ಅರ್ಜಿಯನ್ನು ಬಾಯಿಮಾತಿನಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ. ಏಳು ದಿನದೊಳಗೆ ತೀರ್ಮಾನ ಕೊಡಬೇಕೆಂಬ ನಿಯಮವಿದೆ. ಒಪ್ಪಿಗೆಯಾದರೆ ವಕೀಲರ ಶುಲ್ಕ, ಕೋರ್ಟ್ ಶುಲ್ಕ, ನಕಲುಗಳ ಖರ್ಚು ಪ್ರಾಧಿಕಾರದ್ದೇ. ತಿರಸ್ಕರಿಸಿದರೆ ಅಲ್ಲಿಯ ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು.

"ನಮಗೆ ತೆಲುಗು ಬರೆಯಲು ಬಾರದು" ಎಂಬವರು ಒಂದು ವಿಷಯ ತಿಳಿದಿರಲಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ನೆರವು ಬೇಕೆಂಬ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.

ಕೋರ್ಟಿಗೆ ಹೋಗುವ ಮೊದಲು

ಮನೆಯಿಂದಲೇ ಸಲಹೆ ಬೇಕಾದರೆ 15100 ಸಂಖ್ಯೆಗೆ ಫೋನ್ ಮಾಡಬಹುದು. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಕೇಂದ್ರ ಸರ್ಕಾರದ ಟೆಲಿ ಲಾ ಯೋಜನೆಯ ಸಂಖ್ಯೆ 14454. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ಹಲವು ಕಾನೂನು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ನಡೆಸುವ ನೆರವು ಕೇಂದ್ರಗಳಿವೆ.

ಯೂಟ್ಯೂಬಿನಲ್ಲಿ ನಿಮ್ಮ ಹಾಡು ಕಳುವಾಗಿದ್ದರೆ ಮೊದಲು ಆ ಕಂಪನಿಗೇ ದೂರು ಕೊಡಿ. ಇದಕ್ಕೆ ಹಣವಿಲ್ಲ, ವಕೀಲರೂ ಬೇಡ. ನಮ್ಮ ಕಾಯ್ದೆಯ ಪ್ರಕಾರ ಲಿಖಿತ ದೂರು ಸರಿಯಾಗಿದ್ದರೆ ಕಂಪನಿ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಅಷ್ಟರೊಳಗೆ ಮಾತುಕತೆ ಮುಗಿಸುವುದು ಜಾಣತನ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಕೊಳ್ಳಬಹುದು. ಅಲ್ಲಿ ಶುಲ್ಕವಿಲ್ಲ, ಅದರ ತೀರ್ಪಿಗೆ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ.

ನೋಂದಣಿ ಕಡ್ಡಾಯವಲ್ಲದಿದ್ದರೂ ಸಾಕ್ಷ್ಯಕ್ಕೆ ಉಪಯುಕ್ತ. ಹಾಡು, ಕಥೆ, ನಾಟಕ, ಚಿತ್ರಕ್ಕೆ ಶುಲ್ಕ 500 ರೂಪಾಯಿ. ಧ್ವನಿಮುದ್ರಣಕ್ಕೆ 2000 ರೂಪಾಯಿ. ಅರ್ಜಿಯನ್ನು ಆನ್‌ಲೈನಿನಲ್ಲಿ ನಾವೇ ಹಾಕಬಹುದು, ಮಧ್ಯವರ್ತಿ ಬೇಡ.

ನಿಮಗೇ ನೋಟೀಸು ಬಂದರೆ

ಹರಿದು ಹಾಕಬೇಡಿ, ಹೆದರಿ ಹಣವನ್ನೂ ಕಳಿಸಬೇಡಿ. ನೋಟೀಸು ಕಳಿಸಿದವರು ಆ ಹಾಡಿನ ಹಕ್ಕುದಾರರೇ ಎಂಬುದಕ್ಕೆ ದಾಖಲೆ ಕೇಳಿ. 52ನೇ ಕಲಮಿನ ರಿಯಾಯಿತಿ ನಿಮಗೆ ಸಲ್ಲುತ್ತದೆಯೇ ಎಂದು ಕಾನೂನು ನೆರವಿನ ವಕೀಲರಿಗೆ ತೋರಿಸಿ. ಆಧಾರವಿಲ್ಲದೆ ಬೆದರಿಸುವವರ ಮೇಲೆ ನಾವೇ ದಾವೆ ಹೂಡಲು 60ನೇ ಕಲಂ ಅವಕಾಶ ಕೊಟ್ಟಿದೆ. ನಮ್ಮದೇ ತಪ್ಪಿದ್ದರೆ ಬಳಸುವುದನ್ನು ನಿಲ್ಲಿಸಿ ನಯವಾಗಿ ಇತ್ಯರ್ಥ ಮಾಡಿಕೊಳ್ಳುವುದೇ ಲೇಸು. ಏಕೆಂದರೆ ತಿಳಿದೂ ಉಲ್ಲಂಘಿಸುವುದು ಅಪರಾಧ. ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ವಕೀಲರ ಬಳಿ ಹೋಗುವಾಗ ಬರಿಗೈಲಿ ಹೋಗಬೇಡಿ. ಹಾಡು ಬರೆದ ಹಳೆಯ ನೋಟು ಪುಸ್ತಕ, ಮೊದಲು ಹಾಡಿದ ದಿನದ ಕಾರ್ಯಕ್ರಮ ಪಟ್ಟಿ, ಫೋನಿನ ರೆಕಾರ್ಡಿಂಗ್, ಯಾರಿಗಾದರೂ ಕಳಿಸಿದ್ದರೆ ಆ ಸಂದೇಶ, ಎಲ್ಲವನ್ನೂ ತಾರೀಖಿನ ಸಮೇತ ಜೋಡಿಸಿಕೊಳ್ಳಿ. ಕದ್ದ ಹಾಡಿನ ಫೋಟೋ, ಲಿಂಕ್ ಕೂಡ ಇಟ್ಟುಕೊಳ್ಳಿ. ನಾಳೆ ಅವರು ಅಳಿಸಿಬಿಡಬಹುದು.

ನಮ್ಮ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಹಾಡಿನ ಪುಸ್ತಕ ಇಟ್ಟುಕೊಂಡ ಅಮ್ಮಂದಿರು, ತಾತಂದಿರು ಎಷ್ಟೋ ಮಂದಿ ಇದ್ದಾರೆ. ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಪ್ರತಿ ಹಾಡಿನ ಕೆಳಗೆ ಬರೆದವರ ಹೆಸರು, ಬರೆದ ವರ್ಷ ಹಾಕಿಸಿ. ಹಕ್ಕನ್ನು ಕಾಯುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.