ಬ್ಯಾಟರಿ ಬದಿಗೆ ಬೇರೆಯೇ ಬ್ರೇಕರ್

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಯಾರಾದರೂ ವ್ಯಾನೊಂದನ್ನು ಮೋಟರ್‌ಹೋಮ್ ಮಾಡಹೊರಟರೆ, ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮನೆಯ 230 ವೋಲ್ಟ್ ಎಸಿಗೆಂದು ತಯಾರಾದ ಎಂಸಿಬಿ ಎಂಬ ಬ್ರೇಕರ್. ಇನ್ವರ್ಟರಿನ ಎಸಿ ಬದಿಗೆ ಅದು ಸರಿ. ಡಿಸಿ ಹರಿಯುವ ಬ್ಯಾಟರಿ ಬದಿಗೆ ಅದನ್ನೇ ಹಾಕುವುದು ಅಪಾಯ.

ಕಾರಣ ಕಿಡಿಯಲ್ಲಿದೆ. ಕರೆಂಟ್ ಹರಿಯುತ್ತಿರುವಾಗ ಬ್ರೇಕರಿನ ಸಂಪರ್ಕಗಳು ಬೇರ್ಪಟ್ಟರೆ ನಡುವೆ ಆರ್ಕ್ ಹುಟ್ಟುತ್ತದೆ. 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಆರ್ಕ್ ಆರಲು ಅವಕಾಶವಿದೆ. ಡಿಸಿ ಎಂದೂ ಸೊನ್ನೆಗೆ ಇಳಿಯದು. ಹಾಗಾಗಿ ಡಿಸಿ ಬ್ರೇಕರ್ ಆರ್ಕನ್ನು ಎಳೆದು ಉದ್ದ ಮಾಡಿ, ತಣಿಸಿ, ಕತ್ತರಿಸಬೇಕು. ಕೆಲವು ಮಾದರಿಗಳು ಇದಕ್ಕೆ ಅಯಸ್ಕಾಂತ ಬಳಸುತ್ತವೆ. ಅಂಥವುಗಳಲ್ಲಿ ಪ್ಲಸ್, ಮೈನಸ್ ಅದಲುಬದಲಾದರೆ ಆರ್ಕ್ ತಪ್ಪು ದಿಕ್ಕಿಗೆ ಹೋಗಿ ಬ್ರೇಕರೇ ಸುಡಬಹುದು.

ಈಗ ಲೆಕ್ಕ. 48 ವೋಲ್ಟ್ ಬ್ಯಾಟರಿಯ ಮೇಲೆ 3000 ವಾಟ್ ಇನ್ವರ್ಟರ್ ಇದೆ, ದಕ್ಷತೆ ಶೇ. 90 ಎಂದಿಟ್ಟುಕೊಳ್ಳೋಣ. ಬ್ಯಾಟರಿ 44 ವೋಲ್ಟಿಗೆ ಇಳಿದಾಗ ಇನ್ವರ್ಟರ್ ಎಳೆಯುವುದು ಸುಮಾರು 76 ಆ್ಯಂಪ್. ಎಸಿ ಬದಿಯಲ್ಲಿ ಹರಿಯುವುದು ಬರೀ 13. ಸುರಕ್ಷತೆಯ ಅಂತರಕ್ಕಾಗಿ 76ನ್ನು 1.25ರಿಂದ ಗುಣಿಸಿದರೆ 95, ಹಾಗಾಗಿ 100 ಆ್ಯಂಪಿನ ಡಿಸಿ ಬ್ರೇಕರ್ ಹೊಂದುತ್ತದೆ. ಆದರೆ ವೈರ್ 100 ಆ್ಯಂಪ್ ಹೊರದಿದ್ದರೆ, ಬ್ರೇಕರ್ ಟ್ರಿಪ್ ಆಗುವ ಮೊದಲೇ ವೈರಿನ ಹೊದಿಕೆ ಕರಗಬಹುದು. ಬ್ರೇಕರ್ ಕಾಯಬೇಕಾದದ್ದು ಮೊದಲು ವೈರನ್ನು.

ಬೀದರಿನ ಬೇಸಿಗೆ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮನೆ ಬಳಕೆಯ ಎಂಸಿಬಿಗಳ ರೇಟಿಂಗ್ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ಗೆ ನಿಗದಿಯಾದದ್ದು. ಮೇ ತಿಂಗಳಲ್ಲಿ ಔರಾದ, ಭಾಲ್ಕಿಯ ಬಯಲಲ್ಲಿ ಪಾದರಸ 40 ದಾಟುವುದು ಸಾಮಾನ್ಯ. ಬಿಸಿಲಲ್ಲಿ ನಿಂತ ವಾಹನದೊಳಗೆ ಇನ್ನೂ ಹೆಚ್ಚು. ಅಲ್ಲಿ ಬ್ರೇಕರಿನ ಜೋಡಿಲೋಹದ ಪಟ್ಟಿ ಬೇಗ ಬಾಗಿ ಅಕಾಲದಲ್ಲಿ ಟ್ರಿಪ್ ಮಾಡುತ್ತದೆ, ವೈರಿನ ಹೊರುವ ಶಕ್ತಿಯೂ ಇಳಿಯುತ್ತದೆ. ಟ್ರಿಪ್ ತಪ್ಪಿಸಲು ದೊಡ್ಡ ಬ್ರೇಕರ್ ಹಾಕುವುದು ಪರಿಹಾರವಲ್ಲ. ದಪ್ಪ ವೈರ್, ಗಾಳಿ ಆಡುವ ಪೆಟ್ಟಿಗೆ, ತಯಾರಕರ ತಾಪಮಾನ ಪಟ್ಟಿ ನೋಡಿ ಮಾಡಿದ ಆಯ್ಕೆ, ಇವು ಬೇಕು.

ಷಾರ್ಟ್ ಸರ್ಕ್ಯೂಟ್ ಮತ್ತೊಂದು ಪರೀಕ್ಷೆ. ಬ್ಯಾಟರಿ, ವೈರ್ ಸೇರಿ ರೋಧ 20 ಮಿಲಿಓಮ್ ಇದ್ದರೆ, ಅದೇ ಬ್ಯಾಟರಿ 51.2 ವೋಲ್ಟಿನಲ್ಲಿದ್ದಾಗ 2560 ಆ್ಯಂಪ್ ನುಗ್ಗುತ್ತದೆ. ಅಷ್ಟನ್ನು ಆ ವೋಲ್ಟೇಜಿನ ಡಿಸಿಯಲ್ಲಿ ಕಡಿಯುವ ಶಕ್ತಿ ಬ್ರೇಕರಿಗಿದೆಯೇ ಎಂದು ಲೇಬಲ್ ಓದಬೇಕು. ಅಲೆಯ ಗುರುತು ಎಸಿ, ಗೆರೆಯ ಕೆಳಗೆ ತುಂಡುಗೆರೆ ಇದ್ದರೆ ಡಿಸಿ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಹೆಚ್ಚು ಕಡಿಯುವ ಶಕ್ತಿಯ ಫ್ಯೂಸ್ ಇರಲಿ, ಏಕೆಂದರೆ ಅದಕ್ಕಿಂತ ಹಿಂದಿನ ವೈರಿಗೆ ರಕ್ಷಣೆಯಿಲ್ಲ. ಎಸಿ ಬದಿಗೆ 16 ಆ್ಯಂಪ್ ಎಂಸಿಬಿಯ ಜೊತೆ, ಮನುಷ್ಯರ ರಕ್ಷಣೆಗೆ ಸೋರುವ ಕರೆಂಟ್ ಕಂಡರೆ ಕಡಿಯುವ 30 ಮಿಲಿಆ್ಯಂಪಿನ ಆರ್‌ಸಿಸಿಬಿ ಬೇಕು. ಅದು ಕೆಲಸ ಮಾಡಲು ಇನ್ವರ್ಟರಿನ ನ್ಯೂಟ್ರಲ್ ಮತ್ತು ಅರ್ತಿಂಗ್ ಜೋಡಣೆ ಸರಿಯಾಗಿದೆಯೇ ಎಂದು ಅನುಭವಿ ಎಲೆಕ್ಟ್ರಿಷಿಯನ್ ಅಳೆದು ಖಚಿತಪಡಿಸಬೇಕು.